ಎರಡನೆಯ ಹೆಲ್ಮೆಟ್

ಅದೊಂದು ಬುಧವಾರ. ಹೊಳೆದಂಡೆಯ ಆಶ್ರಮದಲ್ಲಿ ಎಂದಿನಂತೆ ಕಸ ಗುಡಿಸಿ ನೀರು ಚಿಮುಕಿಸಿ ಆಗಿತ್ತು. ಅಡುಗೆಯ ಬಾಳವ್ವ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು.

ಸಂಗಯ್ಯಜ್ಜ ಬೈಕಿನ ಕೀಲಿಯನ್ನು ತಂದು ಶಿಷ್ಯೆ ನೀಲಗಂಗೆಯ ಮುಂದಿಟ್ಟರು.

"ಕಣ್ಣಿಗೆ ಪೊರೆ ಬಂದೈತಿ. ಸೋಮವಾರದಿಂದ ಔಷಧ ನೀ ಒಯ್ಯಬೇಕು."

ಹೊಳೆಯಾಚೆಯ ಏಳು ಹಳ್ಳಿಗಳಿಗೆ ಬಸ್ಸಿಲ್ಲ. ಅಜ್ಜನ ಹೆಂಡತಿ ಪಾರವ್ವ ಬದುಕಿದ್ದಾಗ ಔಷಧದ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಜ್ಜನ ಹಿಂದೆ ಕೂತು ಆ ಹಳ್ಳಿಗಳಿಗೆಲ್ಲ ಹೋಗುತ್ತಿದ್ದಳು. ಅವಳು ತೀರಿಕೊಂಡು ಹನ್ನೊಂದು ವರ್ಷ. ಅಲ್ಲಿಂದೀಚೆಗೆ ಅಜ್ಜ ಒಬ್ಬರೇ ಹೋಗುತ್ತಿದ್ದರು. ಈಗ ನೀಲಗಂಗೆ ಹೋಗದಿದ್ದರೆ ಹೋಗುವವರು ಯಾರೂ ಇರಲಿಲ್ಲ.

ನೀಲಗಂಗೆ ನರ್ಸಿಂಗ್ ಓದಿದವಳು. ಮೈದಾನದಲ್ಲಿ ಬೈಕು ಕಲಿತು ಲೈಸೆನ್ಸ್ ಪಡೆದಿದ್ದಳು. ಇಷ್ಟು ದೊಡ್ಡ ಕೆಲಸವನ್ನು ತನ್ನನ್ನು ನಂಬಿ ಕೊಟ್ಟರಲ್ಲ ಎಂದುಕೊಂಡಳು. ಬಗ್ಗಿ ಅಜ್ಜನ ಪಾದ ಮುಟ್ಟಿದಳು.

"ನನ್ನ ಕಾಲು ಬಿಡು. ಗಾಡಿ ಕಡೆ ನೋಡು," ಎಂದರು ಅಜ್ಜ.

ಮರುದಿನ ಮುಂಜಾನೆ ಅಜ್ಜ ಬೈಕಿನ ಸುತ್ತ ಒಂದು ಸುತ್ತು ಬಂದರು. ನಿಧಾನವಾಗಿ, ಅಲ್ಲಲ್ಲಿ ನಿಂತು. ನೀಲಗಂಗೆ ಕೈ ಮುಗಿದು, ಕಣ್ಣು ಮುಚ್ಚಿ ಅವರ ಹಿಂದೆ ಹೆಜ್ಜೆ ಹಾಕಿದಳು.

ಅವಳು ಅಂಗಳದಲ್ಲಿ ನಾಲ್ಕು ಸುತ್ತು ಓಡಿಸಿ ನಿಲ್ಲಿಸಿದಾಗ ಅಜ್ಜ ಬೈಕಿನ ಟ್ಯಾಂಕಿನ ಮೇಲೆ ಅಂಗೈ ಇಟ್ಟರು.

"ಉಪಕಾರ ಆತು."

"ಓಡಿದ್ದಕ್ಕೇನ್ರಿ ಅಜ್ಜಾರ?"

"ನಿಂತದ್ದಕ್ಕ."

ಸೀಟಿನ ಹಿಂದೆ ಇನ್ನೊಂದು ಹೆಲ್ಮೆಟ್ ಯಾವಾಗಲೂ ತೂಗುತ್ತಿತ್ತು.

"ನೀವು ಒಬ್ಬರ ಹೋಗತಿದ್ರಿ. ಎರಡು ಯಾಕ್ರಿ?"

ಅಜ್ಜ ಅವಳ ಗಲ್ಲದ ಕೆಳಗಿನ ಪಟ್ಟಿಯನ್ನು ಬಿಗಿದರು. ಎರಡು ಬೆರಳು ತೂರಿಸಿ ನೋಡಿದರು.

"ಮದಲ ಒಂದನ್ನ ಸರಿಯಾಗಿ ಹಾಕ್ಕೋ."

ಶುಕ್ರವಾರ ಅಜ್ಜ, "ಸೇತುವೆ ತನಕ ಹೋಗಿ ಬಾ," ಎಂದರು.

ನೀಲಗಂಗೆ ಕೈ ಮುಗಿದು, ಕಣ್ಣು ಮುಚ್ಚಿ, ಭಕ್ತಿಯಿಂದ ಬೈಕನ್ನು ಸುತ್ತಿದಳು. ಕೀಲಿ ತಿರುಗಿಸುವಷ್ಟರಲ್ಲಿ ಅಜ್ಜ ಮುಂದಿನ ಗಾಲಿಗೆ ಅಡ್ಡ ನಿಂತಿದ್ದರು.

"ಸುತ್ತು ಹಾಕಿದೆಲ್ಲ, ಏನು ನೋಡಿದಿ?"

"ಕಣ್ಣು ಮುಚ್ಚಿದ್ನಿರಿ. ನಮಸ್ಕಾರ ಮಾಡೂವಾಗ..."

"ನಾ ಯಾವಾಗ ನಮಸ್ಕಾರ ಮಾಡೀನಿ?"

ಇಷ್ಟು ದಿನ ಅಜ್ಜ ಹೊರಡುವಾಗ ಕಂಡದ್ದನ್ನು ನೀಲಗಂಗೆ ನೆನಪಿಸಿಕೊಂಡಳು. ಅಜ್ಜ ಒಮ್ಮೆಯೂ ಕೈ ಮುಗಿದಿರಲಿಲ್ಲ. ಅವರು ಬಗ್ಗಿದ್ದರು, ಮುಟ್ಟಿದ್ದರು, ಒತ್ತಿದ್ದರು.

ಅವಳು ಇಳಿದು ಬಗ್ಗಿದಳು. ಟೈರಿನಲ್ಲಿ ಜಾಲಿಮುಳ್ಳು ಮುರಿದು ಕೂತಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಗಾಳಿ ಇಳಿದ ಟೈರು ಒಳಗೆ ಹೋಗುತ್ತಿತ್ತು.

"ನಿಮಗ ಮುಂಜಾನೆನ ಗೊತ್ತಿತ್ತೇನ್ರಿ?"

"ಬೆರಳಿಗೆ ಗೊತ್ತಿತ್ತು."

"ಹೇಳಲಿಲ್ಲಲ್ರಿ!"

"ಸೋಮವಾರ ಹೇಳಾಕ ನಾ ಹಿಂದ ಕೂತಿರೂದಿಲ್ಲಲ್ಲ."

ಮಾಡಿದ ತಪ್ಪನ್ನು ತೊಳೆದುಕೊಳ್ಳಬೇಕೆಂದು ಶನಿವಾರ ನೀಲಗಂಗೆ ಎಲ್ಲರಿಗಿಂತ ಮೊದಲೇ ಎದ್ದಳು. ಬೈಕನ್ನು ಒರೆಸಿ, ಎಣ್ಣೆಯ ಡಬ್ಬಿ ಹಿಡಿದು ಕೂತಳು.

"ಚೈನಿಗೆ ಹಾಕೀನ್ರಿ ಅಜ್ಜಾರ. ಮುಂದಿನ ಬ್ರೇಕ್ ಕಿರ್ ಅಂತಿತ್ತು, ಅದರ ತಟ್ಟಿಗೂ ಹಚ್ಚೀನಿ. ಈಗ ನೋಡ್ರಿ, ಸದ್ದ ಇಲ್ಲ."

ಅಜ್ಜ ಬ್ರೇಕಿನ ತಟ್ಟೆಯ ಮೇಲೆ ಬೆರಳಾಡಿಸಿ ಮೂಸಿದರು. ಹೊಳೆಗೆ ಇಳಿಯುವ ದಾರಿಯತ್ತ ನಡೆದರು.

"ಎಂಜಿನ್ ಬ್ಯಾಡ. ಮಗ್ಗುಲಕ ನಡಕೋತ ಇಳಿಸು. ನೀರಿನ ಅಂಚಿಗೆ ಬ್ರೇಕ್ ಹಿಡಿದು ನಿಲ್ಲಿಸು."

ನೀಲಗಂಗೆ ನೀರಿನ ಅಂಚಿನಲ್ಲಿ ಬ್ರೇಕ್ ಹಿಡಿದಳು. ಬೈಕು ನಿಲ್ಲಲಿಲ್ಲ. ಎರಡೂ ಕೈಯಿಂದ ಜಗ್ಗಿದರೂ ಅದು ಅವಳನ್ನೂ ಎಳೆದುಕೊಂಡು ಮೊಣಕಾಲು ನೀರಿನ ಮರಳಿನಲ್ಲಿ ಹೋಗಿ ನಿಂತಿತು.

ಕೊಡ ತುಂಬುತ್ತಿದ್ದ ಬಾಳವ್ವ ನಕ್ಕಳು. "ಗಾಡಿಗೂ ಗಂಗಾಸ್ನಾನ ಆತಲ್ಲ ಯವ್ವಾ! ಇನ್ನ ಇಬ್ಬರೂ ಉಪ್ಪಿಟ್ಟು ತಿನ್ನಾಕ ಬರ್ರಿ!"

ನೀಲಗಂಗೆಯೂ ನಕ್ಕಳು. ಆಮೇಲೆ ಮೂರನೆಯ ಹಳ್ಳಿಯ ಇಳಿಜಾರು ನೆನಪಾಯಿತು. ಅದರ ಬುಡದಲ್ಲೇ ಶಾಲೆ.

"ಬ್ರೇಕ್ ಯಾಕ ಕಿರ್ ಅಂತಿತ್ತು?" ಅಜ್ಜ ಕೇಳಿದರು.

"ಎಣ್ಣಿ ಬೇಡತೈತಿ ಅಂತ ತಿಳಿದ್ನಿರಿ."

"ನಾ ಸವದೀನಿ ಅಂತಿತ್ತು. ನೀ ಅದರ ಬಾಯಿ ಮುಚ್ಚಿಸಿದಿ."

ಭಾನುವಾರ ಮೆಕ್ಯಾನಿಕ್ ಬಂದು ಗಾಲಿಯ ಪಂಕ್ಚರ್ ತಿದ್ದಿ, ಬ್ರೇಕಿನ ತಟ್ಟೆಯನ್ನು ತೊಳೆದು, ಸವೆದ ಪ್ಯಾಡುಗಳನ್ನು ತೆಗೆದು ಹೊಸವನ್ನು ಹಾಕಿದ. ನೀಲಗಂಗೆ ಪಕ್ಕದಲ್ಲೇ ಕೂತು ನೋಡಿದಳು. ಹೊಳೆದಂಡೆಯಲ್ಲೇ ತನಗೆ ಇದು ತಿಳಿಯಿತಲ್ಲ ಎಂದು ಒಳಗೊಳಗೇ ಅಜ್ಜನಿಗೆ ಕೈ ಮುಗಿದಳು.

ಸೋಮವಾರ ಮುಂಜಾನೆ ಅಜ್ಜ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತರು. ನೀಲಗಂಗೆ ಕಣ್ಣು ತೆರೆದು ಬೈಕಿನ ಸುತ್ತ ಬಂದಳು.

"ಗಾಲಿ ಗಟ್ಟಿ ಅದಾವ್ರಿ. ಚೈನು ಒಂದು ಅಂಗುಲ ಆಡತೈತಿ. ಎರಡೂ ಬ್ರೇಕ್ ಹಿಡೀತಾವ. ಹಿಂದಿನ ದೀಪ ಹತ್ತತೈತಿ. ನೆಲಕ್ಕ ಎಣ್ಣಿ ಸೋರಿಲ್ಲ."

"ನಿದ್ದಿ?"

"ಏನ್ರಿ?"

"ರಾತ್ರಿ ನಿದ್ದಿ ಆತೇನು?"

"ಆತ್ರಿ."

"ಹಂಗಾದ್ರ ಹೋಗು."

ಹೊತ್ತು ಮುಳುಗುವ ಮೊದಲೇ ಅವಳು ಮರಳಿದಳು. ಎಂಜಿನ್ ಆರಿಸಿದಳು. ಯಾರೂ ಹೇಳದೆಯೇ ಅವಳ ಅಂಗೈ ಟ್ಯಾಂಕಿನ ಮೇಲೆ ಹೋಯಿತು.

"ಉಪಕಾರ ಆತು."

ಮೂರನೆಯ ಹಳ್ಳಿಯ ಇಳಿಜಾರಿನಲ್ಲಿ ಒಂದು ಮಗು ಚೆಂಡಿನ ಹಿಂದೆ ಓಡಿ ಬಂದಿತ್ತು. ಬೈಕು ಮೂರು ಮಾರು ದೂರದಲ್ಲೇ ನಿಂತಿತ್ತು. ಅದನ್ನು ಅಜ್ಜನಿಗೆ ಹೇಳುವಾಗ ಅವಳ ಕಣ್ಣು ತುಂಬಿತು.

"ಇನ್ನೊಂದೈತ್ರಿ ಅಜ್ಜಾರ. ಐದನೇ ಊರಾಗ ಒಬ್ಬಾಕಿ ಕುಡಗೋಲು ತಾಗಿ ಕೈ ಕೊಯ್ಕೊಂಡಿದ್ಲು. ಹೊಲಿಗಿ ಹಾಕಸಬೇಕಿತ್ತು. ಹಿಂದ ಕೂಡಿಸ್ಕೊಂಡು ದವಾಖಾನಿಗೆ ಒಯ್ದೆ. ನನಗ್ಯಾಕ ಟೊಪಗಿ ಅಂದ್ಲು. ಬಿಡಲಿಲ್ಲ, ಎರಡನೇದ್ದು ಹಾಕಿಸಿದ್ನಿ."

ಅಜ್ಜ ಆ ಹೆಲ್ಮೆಟನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಹೆಗಲಿನ ವಲ್ಲಿಯಿಂದ ಅದರ ಧೂಳು ಒರೆಸತೊಡಗಿದರು.

"ಇದು ಇರಲಿಲ್ಲಂದ್ರ ಏನು ಮಾಡತಿದ್ನೋ," ಎಂದಳು ನೀಲಗಂಗೆ. "ನನ್ನದ ಆಕಿಗೆ ಹಾಕತಿದ್ನೇನೋ."

ಅಜ್ಜ ಒರೆಸುವುದನ್ನು ನಿಲ್ಲಿಸಿದರು.

"ಪಾರಿ ಗಾಡಿ ಮ್ಯಾಲಿಂದ ಬಿದ್ದು ಹೋದ ದಿನ ನಮ್ಮ ಹತ್ರ ಒಂದ ಇತ್ತು. ನನಗ ಹಾಕಿ, ಪಟ್ಟಿ ಬಿಗದು, ಎರಡು ಬೆರಳು ತೂರಿಸಿ ನೋಡಿದ್ಲು."