ರಕ್ಕಸನ ಸಣ್ಣಮಂದಿ

"ಕೇಳ್ರಪ್ಪೋ ಕೇಳಿ! ಕೋಟೆ ಬಾಗಿಲಲ್ಲಿ ಕೂತ ರಕ್ಕಸ, ಕಣ್ಣಿಗೆ ಕಾಣದ ತನ್ನ ಸಣ್ಣಮಂದಿಯನ್ನು ನಮ್ಮ ಜನರ ಮೈಯೊಳಗೆ ಬಿಟ್ಟಿದ್ದಾನೆ. ಅವನ ಮೂರು ಒಗಟು ಬಿಡಿಸಿದರೆ ಅವರನ್ನು ವಾಪಸು ಕರೆಯುತ್ತಾನಂತೆ. ಬಿಡಿಸಿದವರಿಗೆ ಅರ್ಧ ರಾಜ್ಯ. ತಪ್ಪಿದವರನ್ನು ನುಂಗುತ್ತಾನೆ. ಅರಸ ವೀರಮಲ್ಲರ ಅಪ್ಪಣೆ!"

ಡಂಗುರ ಕೇಳಿದಾಗ ತೊಗಲು ಹದ ಮಾಡುವ ಹುಲಿಗ ಅಕ್ಕನ ತಲೆದೆಸೆಯಲ್ಲಿ ಕೂತಿದ್ದ. ದುರುಗವ್ವನ ಮೈ ಕೆಂಡವಾಗಿತ್ತು, ಕಾಲು ಬಾತಿತ್ತು. ಅವ್ವ ಸತ್ತ ಮೇಲೆ ಅವನನ್ನು ಸಾಕಿದವಳು ಅವಳೇ. ಅರ್ಧ ರಾಜ್ಯ ಯಾರಿಗೆ ಬೇಕಿತ್ತು! ಅಕ್ಕ ಉಳಿದರೆ ಸಾಕು ಅಂತ ಕೋಟೆಯ ಕಡೆ ಓಡಿದ.

ಅಲ್ಲಿ ದಳವಾಯಿಯ ಮಗ ಆಗಲೇ ಎದೆಯುಬ್ಬಿಸಿ ನಿಂತಿದ್ದ. ರಕ್ಕಸ ಕೇಳಿದ: "ಹಲ್ಲಿಲ್ಲ, ತಿನ್ನುತ್ತದೆ. ಹೆತ್ತವರನ್ನು ಸೋಸಿ ಎಸೆದರೂ ತನ್ನ ಪಾಡಿಗೆ ತಿನ್ನುತ್ತಲೇ ಇರುತ್ತದೆ. ಏನದು?"

"ಬೆಂಕಿ!"

"ಬೆಂಕಿಯನ್ನು ಯಾರು ಸೋಸುತ್ತಾರೋ ಪೆದ್ದ?" ಗುಳುಂ! ಆಮೇಲೆ ಅರಮನೆಯ ವೈದ್ಯರು ಬೆವರೊರೆಸಿಕೊಳ್ಳುತ್ತ "ಹಾವಿನ ವಿಷ" ಅಂದರು. ಅವರ ಚಪ್ಪಲಿ ಮಾತ್ರ ಉಳಿಯಿತು.

ಹುಲಿಗ ಮುಂದೆ ಬಂದ. "ರಕ್ಕಸಪ್ಪಾ, ತೊಗಲು ಮೆತ್ತಗಾಗಲಿ ಅಂತ ಪಾರಿವಾಳದ ಹಿಕ್ಕೆ ಕದಡಿದ ನೀರಲ್ಲಿ ನೆನೆಹಾಕ್ತೀವಿ. ಒಂದ್ಸಲ ಹಿಕ್ಕೆಯನ್ನೆಲ್ಲ ಸೋಸಿಬಿಟ್ಟೆ. ಇನ್ನೇನು ಮಾಡೀತು ಅಂತ ತೊಗಲನ್ನು ಆ ನೀರಲ್ಲೇ ಮರೆತೆ. ಹಿಕ್ಕೆ ಹೋದ್ರೂ ಅದರ ರಸ ನೀರಲ್ಲೇ ಉಳಿದಿತ್ತು, ತೊಗಲು ಗಂಜಿ ಆಗಿಹೋಯ್ತು. ಅಕ್ಕನ ಹತ್ರ ಚೆನ್ನಾಗಿ ಬೈಸಿಕೊಂಡೆ. ನೀನು ಕೇಳಿದ್ದೂ ಅಂಥದ್ದೇ. ನಿನ್ನ ಸಣ್ಣಮಂದಿ ಕಾರೋ ರಸ."

ಉತ್ತರ ಸರಿಯಾಗಿತ್ತು. ರಕ್ಕಸ ಎರಡನೆಯ ಒಗಟು ಹಾಕಿದ: "ಬಾಯಿ ಕಟ್ಟಿಸಿಕೊಂಡ ಕಾವಲುಗಾರ. ಆ ರಸ ಹೋಗಿ ಕಟ್ಟು ಕತ್ತರಿಸುತ್ತದೆ. ಕತ್ತರಿಸಿದ್ದಕ್ಕೇ ಅವನು ಕಿರುಚುತ್ತಾನೆ. ಎಲ್ಲಿ ನಿಂತಿದ್ದಾನೆ?"

ಹುಲಿಗ ಕಣ್ಣು ಮುಚ್ಚಿ ಯೋಚಿಸಿದ. ಅಕ್ಕನ ಕಾಲಲ್ಲಿ ರಕ್ತನಾಳದ ಗುಂಟ ಮೇಲಕ್ಕೆ ಹತ್ತಿದ್ದ ಕೆಂಪು ಗೆರೆ ನೆನಪಾಯಿತು. "ರಕ್ತನಾಳದ ಒಳಗೋಡೇಲಿ! ಆ ಗೋಡೆಯ ಒಂದೊಂದು ಕಣವೂ ಒಬ್ಬೊಬ್ಬ ಕಾವಲುಗಾರ."

"ಹೌದು. ಇನ್ನು ಕೊನೆಯದು: ಕಿರುಚಾಟ ಕೇಳಿ ದಂಡು ಬಂತು. ಗೋಡೆ ಸಡಿಲಿಸಿ ಒಳನುಗ್ಗಿತು, ನೀರು ನುಗ್ಗಿಸಿತು, ಬೆಂಕಿ ಹಚ್ಚಿತು. ಯಾರ ದಂಡು?"

"ರಕ್ಕಸನದೇ ಅನ್ನೋ ಹುಲಿಗ!" ಅಂತ ಹಿಂದಿನಿಂದ ಜನ ಕೂಗಿದರು. ಅರಸನೂ ಕೂಗಿದ. ರಕ್ಕಸ ಬಾಯಿ ತೆರೆದು ಹತ್ತಿರ ಬಗ್ಗಿದ. ಉಸಿರಲ್ಲಿ ವೈದ್ಯರ ಎಣ್ಣೆಯ ವಾಸನೆ ಇನ್ನೂ ಇತ್ತು. ಹುಲಿಗ ಅಳುತ್ತಲೇ ಹೇಳಿದ: "ಅಲ್ಲ. ನಮ್ಮಕ್ಕನದೇ ದಂಡು. ಅವಳನ್ನು ಉಳಿಸೋಕೆ ಬಂದ ಅವಳದೇ ರಕ್ತ. ಆ ಬಾವು, ಆ ಕಾವು, ಎಲ್ಲಾ ಅದರದೇ."

ರಕ್ಕಸ ಹಲ್ಲು ಕಡಿದು ಒಂದು ಶಿಳ್ಳೆ ಹಾಕಿದ. ಸಣ್ಣಮಂದಿಯನ್ನು ಕರೆದುಕೊಂಡು ಕಾಡು ಸೇರಿದ.

ಹುಲಿಗ ಬಹುಮಾನಕ್ಕೆ ನಿಲ್ಲದೆ ಮನೆಗೆ ಓಡಿದ. ಅಯ್ಯೋ, ಅಕ್ಕನ ಮೈ ಇನ್ನೂ ಸುಡುತ್ತಿತ್ತು! ಸಣ್ಣಮಂದಿಯೇನೋ ಹೋದರು, ದಂಡು ನಿಲ್ಲದಿದ್ದರೆ? ಕೈ ಹಿಡಿದುಕೊಂಡು ಕೂತೇ ಇದ್ದ. ಮಧ್ಯಾಹ್ನ ತಿರುಗುವಾಗ ಅವಳ ಹಣೆ ಬೆವರಿತು.

"ಎಲ್ಲಿ ಹಾಳಾಗಿ ಹೋಗಿದ್ದೆಯೋ?" ಅಂತ ಗೊಣಗಿ ಅವಳು ಹಾಗೇ ನಿದ್ದೆ ಹೋದಳು.

ಅಷ್ಟರಲ್ಲಿ ನಗಾರಿ ಬಾರಿಸಿಕೊಂಡು ಅರಸನೇ ಬಂದ, ಕೈಯಲ್ಲಿ ಅರ್ಧ ರಾಜ್ಯದ ಪತ್ರ. ಹುಲಿಗ ಬಾಗಿಲಿಗೆ ಅಡ್ಡ ನಿಂತ.

"ಶ್! ಈಗ ತಾನೇ ನಿದ್ದೆ ಹೋಗಿದಾಳೆ, ಸ್ವಾಮಿ."

ಅರಸ ಕೈ ಎತ್ತಿ ನಗಾರಿ ನಿಲ್ಲಿಸಿದ. ದುರುಗವ್ವ ಏಳುವ ತನಕ ಪತ್ರ ಹಿಡಿದುಕೊಂಡು ಆ ಮನೆಯ ಜಗಲಿಯ ಮೇಲೆ ತೆಪ್ಪಗೆ ಕೂತ.