ಉದುರಿದ ಅಕ್ಕಿ

"ಗುರುಗಳೇ, ನನಗೊಂದು ಕೆಲಸ ಬಂದಿದೆ. ಕೋಟೆಯ ಬಾಗಿಲಲ್ಲಿ ಧರಣಿ ಕುಳಿತ ನೇಕಾರರ ಬಳಿ ಹೋಗಬೇಕು. ಯಾಕೆ ಕುಳಿತಿದ್ದಾರೆ, ಹೇಗೆ ಕುಳಿತಿದ್ದಾರೆ ಎಂದು ಕೇಳಿ ತಿಳಿದು ದೊರೆಗೆ ಹೇಳಬೇಕು. ಬದಲಿಗೆ ಆಸ್ಥಾನದ ಪಾಠಶಾಲೆಯಲ್ಲಿ ಪೀಠ. ಸುಳ್ಳು ಬೇಡ, ಸತ್ಯವನ್ನೇ ಹೇಳು ಎಂದಿದ್ದಾರೆ. ಸತ್ಯ ಹೇಳಿ ಪೀಠ ಪಡೆಯುವುದರಲ್ಲಿ ತಪ್ಪೇನಾದರೂ ಇದೆಯೇ?" ಎಂದು ಶಿಷ್ಯ ಕೇಳಿದ.

ಗುರುಗಳು ಕಾವಿ ಉಡುವ ಮೊದಲು ದವಸದ ವ್ಯಾಪಾರ ಮಾಡಿದವರು. ಮಾತನ್ನು ತೂಗಿ ಆಡುವ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ.

"ವ್ಯವಹಾರ ಚೆನ್ನಾಗಿದೆ," ಎಂದರು. "ಕೂತುಕೋ. ಇಂಥದೇ ಒಂದು ಹಿಂದೆಯೂ ಕುದುರಿತ್ತು."

ಹೊಳೆಯ ದಂಡೆಯಲ್ಲಿ ಒಂದು ಪೇಟೆಯಿತ್ತು. ದೋಣಿಗಳಿಂದ ಅಕ್ಕಿ ಮೂಟೆ ಇಳಿಸುವ ಹಮಾಲರು ಅಲ್ಲಿದ್ದರು. ಒಬ್ಬ ವರ್ತಕ ಮೂಟೆ ಎತ್ತುವ ಹೊಸದೊಂದು ರಾಟೆ ತಂದು ಹೊಳೆಯ ಕಟ್ಟೆಯ ಮೇಲೆ ನಿಲ್ಲಿಸಿದ. ಹತ್ತು ಹೆಗಲಿನ ಕೆಲಸವನ್ನು ಒಂದು ಹಗ್ಗ ಮಾಡಿತು. ಹಮಾಲರು ನೋಡಿದರು. ಮೂಟೆಯ ಕೆಳಗೆ ತಲೆಗೆ ಇಟ್ಟುಕೊಳ್ಳುವ ಬಟ್ಟೆಯ ಸಿಂಬೆಗಳನ್ನು ತೆಗೆದು ನೆಲಕ್ಕೆ ಸಾಲಾಗಿ ಇಟ್ಟರು. ಅದರ ಹಿಂದೆ ಕುಳಿತರು. ನೆಲಕ್ಕಿಟ್ಟ ಸಿಂಬೆಯನ್ನು ದಾಟಿ ಕೂಲಿಯವರು ಯಾರೂ ಕೆಲಸ ಮುಟ್ಟುವಂತಿಲ್ಲ. ಅದು ಅವರ ಕಟ್ಟು. ರಾಟೆಯ ಹಗ್ಗ ಎಳೆಯಲೂ ಆಳು ಬೇಕಲ್ಲ. ಆ ಆಳುಗಳೂ ದಾಟಲಿಲ್ಲ.

ಅಕ್ಕಿ ದೋಣಿಯಲ್ಲೇ ಮುಗ್ಗತೊಡಗಿತು. ವರ್ತಕ ದೊರೆಯ ಬಳಿ ಓಡಿದ. ದೊರೆ ಸೈನಿಕರನ್ನು ಕರೆದ. ಮಂತ್ರಿ ತಡೆದ.

"ಪ್ರಭು, ಹೊಡೆದರೆ ಇವತ್ತು ಏಳುತ್ತಾರೆ, ನಾಳೆ ಮತ್ತೆ ಕೂರುತ್ತಾರೆ. ಯಾವ ಬಲದ ಮೇಲೆ ಕುಳಿತಿದ್ದಾರೆ ಎಂದು ಮೊದಲು ತಿಳಿಯೋಣ. ಒಬ್ಬ ವಿದ್ವಾಂಸನನ್ನು ಕಳಿಸಿ. ಒಳ್ಳೆಯವನಾಗಿರಲಿ. ಕೆಟ್ಟವನ ಮುಂದೆ ಯಾರೂ ಬಾಯಿ ಬಿಡುವುದಿಲ್ಲ."

ಹೋದ ವಿದ್ವಾಂಸ ನಿಜಕ್ಕೂ ಒಳ್ಳೆಯವನು. ನೆಲದ ಮೇಲೆ ಕುಳಿತ. ಅವರ ಗಂಜಿ ಕುಡಿದ. ಎಲ್ಲರನ್ನೂ 'ನೀವು' ಎಂದ. ಹಮಾಲರನ್ನು ಅದುವರೆಗೆ ಹಾಗೆ ಮಾತಾಡಿಸಿದವರಿರಲಿಲ್ಲ. ಬೆನ್ನು ತೋರಿಸಿದರು, ಮಂಡಿ ತೋರಿಸಿದರು. ಅವನು ಕಣ್ಣೊರೆಸಿಕೊಂಡ. ಆಮೇಲೆ ಕೇಳಿದ:

"ಕೂಲಿ ನಿಂತು ಇಷ್ಟು ದಿನವಾಯಿತು. ಇಷ್ಟು ಜನಕ್ಕೆ ಗಂಜಿ ಎಲ್ಲಿಂದ?"

ಗಂಜಿ ಬೇಯಿಸುತ್ತಿದ್ದ ಮುದುಕಿ ಸೌಟು ನಿಲ್ಲಿಸಿದಳು. "ಒಲೆ ದಾರಿ ಕೇಳೋರಿಗೆ ಹಸಿವಿರಬೇಕು. ಈ ಅಯ್ಯನೋರು ಉಂಡು ಬಂದವ್ರೆ."

ಹಮಾಲರ ಹಿರಿಯ ನಕ್ಕ. "ಸುಮ್ನಿರವ್ವ. ಇಷ್ಟು ಮರ್ಯಾದೆಯಾಗಿ ನಿನ್ನ ಗಂಡನೂ ನಿನ್ನ ಮಾತಾಡಿಸ್ಲಿಲ್ಲ," ಎಂದು ವಿದ್ವಾಂಸನ ಕಡೆ ತಿರುಗಿದ. "ಮೂಟೆಯಿಂದ ಉದುರಿದ ಅಕ್ಕಿ ನಮ್ದು ಸ್ವಾಮಿ. ತಾತನ ಕಾಲದ ವಾಡಿಕೆ. ಸಂಜೆ ಗುಡಿಸಿ ಈ ಅವ್ವನ ಮಣ್ಣಿನ ವಾಡೆಗೆ ತುಂಬ್ತೀವಿ. ಕೆಲಸ ಇರೋ ದಿನ ಅದನ್ನ ಮುಟ್ಟಲ್ಲ. ಹೊಳೆ ತುಂಬಿ ದೋಣಿ ನಿಂತಾಗ, ಇಲ್ಲ ಸಿಂಬೆ ಇಳಿಸಿದಾಗ, ಮುಚ್ಚಳ ತೆಗೀತೀವಿ. ದೊರೆ ಕಾಯಲಿ. ನಾವೂ ಕಾಯ್ತೀವಿ."

ಬೆಲೆ ಕೇಳುವವನು ಕೊಳ್ಳಲು ಬಂದಿರಬಹುದು. ಅಸಲು ಕೇಳುವವನು ಕೊಳ್ಳಲು ಬಂದವನಲ್ಲ. ಇದು ಅಂಗಡಿಯಲ್ಲಿ ಕೂತವನಿಗೆ ಗೊತ್ತು. ಹೊರೆ ಹೊರುವವನಿಗೆ ಗೊತ್ತಿರಲಿಲ್ಲ.

ವಿದ್ವಾಂಸ ಅರಮನೆಗೆ ಹೋಗಿ ಎಲ್ಲವನ್ನೂ ಹೇಳಿದ. ಹಮಾಲರ ನೋವು ಹೇಳಿದ. ರಾಟೆ ಅನ್ಯಾಯವೆಂದು ಅಂಜದೆ ಹೇಳಿದ. ವಾಡೆಯ ಸಂಗತಿಯನ್ನೂ ಹೇಳಿದ. ಬಡವರ ಒಗ್ಗಟ್ಟು ಎಷ್ಟು ಸೊಗಸು ನೋಡಿ ಎಂದು ಹೊಗಳಿಯೇ ಹೇಳಿದ. ದೊರೆ ತಲೆದೂಗಿದ. ಅಂದೇ ರಾಟೆ ಕಳಚಿಸಿದ. ಹಮಾಲರು ಸಿಂಬೆ ಎತ್ತಿಕೊಂಡರು. ವಿದ್ವಾಂಸನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ಸುತ್ತಿದರು. ಕೂಲಿ ಕೇಳದೆ ಅವರು ಹೊತ್ತ ಹೊರೆ ಅದೊಂದೇ.

ಕೆಲವು ದಿನ ಕಳೆದು ಡಂಗುರ ಸಾರಿದರು. ಕಟ್ಟೆ ಚೊಕ್ಕಟವಾಗಿರಬೇಕು. ಉದುರಿದ ಅಕ್ಕಿಯನ್ನು ಇನ್ನು ಮುಂದೆ ಅರಮನೆಯ ಆಳುಗಳೇ ಗುಡಿಸುತ್ತಾರೆ. ಅದರ ಬದಲು ಹಮಾಲರ ಕೂಲಿ ಒಂದು ಕಾಸು ಹೆಚ್ಚು.

ಮಣ್ಣು ಬೆರೆತ ಅಕ್ಕಿಗೆ ಯಾರು ಜಗಳ ಆಡುತ್ತಾರೆ? ಹಮಾಲರು ಒಪ್ಪಿದರು. ಮುದುಕಿ ಒಬ್ಬಳೇ ವಟಗುಟ್ಟಿದಳು: "ಕಾಸು ಸಂಜೆಗೇ ಕರಗ್ತದೆ. ವಾಡೆ ಕರಗ್ತಿತ್ತೇನ್ರೋ?" ಕೇಳಿಸಿಕೊಂಡವರು ನಕ್ಕು ಹೆಂಡದಂಗಡಿಯ ಕಡೆ ನಡೆದರು. ವಾಡೆಯಲ್ಲಿ ಉಳಿದದ್ದು ಆ ಮಳೆಗಾಲಕ್ಕೆ ತೀರಿತು.

ಮಳೆ ನಿಂತಿತು. ದೋಣಿಗಳು ಬಂದವು. ಜೊತೆಗೆ ರಾಟೆಯೂ ಬಂತು. ಈ ಸಲ ಒಂದಲ್ಲ, ಕಟ್ಟೆಯ ಉದ್ದಕ್ಕೂ. ಹಮಾಲರು ಸಿಂಬೆ ಇಳಿಸಿ ಕುಳಿತರು. ಸೈನಿಕರು ಬರಲಿಲ್ಲ. ವಿದ್ವಾಂಸನೂ ಬರಲಿಲ್ಲ. ದೊರೆಗೆ ಕೇಳಬೇಕಾದ್ದು ಏನೂ ಉಳಿದಿರಲಿಲ್ಲ. ಮೊದಲ ದಿನ ಹಾಡಿದರು. ಮರುದಿನ ಮಕ್ಕಳು ಅತ್ತವು. ಅದರ ಮರುದಿನ ಹಿರಿಯನೇ ಎದ್ದು, ತನ್ನ ಸಿಂಬೆಯನ್ನು ತಾನೇ ದಾಟಿ, ಹೋಗಿ ಹಗ್ಗ ಹಿಡಿದ. ಅರ್ಧ ಕೂಲಿಗೆ. ಹಗ್ಗಕ್ಕೆ ಬೇಕಾದಷ್ಟು ಜನ ಉಳಿದರು. ಮಿಕ್ಕವರು ಊರು ಬಿಟ್ಟರು. ಒಂದು ಏಟೂ ಬೀಳಲಿಲ್ಲ.

ಗುರುಗಳು ನಿಲ್ಲಿಸಿದರು. ಶಿಷ್ಯ ಕೇಳಿದ: "ಕೊನೆಗೆ ಯಾರಿಗೆ ಏನು ಸಿಕ್ಕಿತು?"

"ವರ್ತಕನಿಗೆ ಕಟ್ಟೆ ಸಿಕ್ಕಿತು. ದೊರೆಗೆ ಕರುಣಾಳು ಎಂಬ ಹೆಸರು ಸಿಕ್ಕಿತು. ವಿದ್ವಾಂಸನಿಗೆ ಪೀಠ ಸಿಕ್ಕಿತು. ಹಮಾಲರ ಒಗ್ಗಟ್ಟಿನ ಬಗ್ಗೆ ಅವನಷ್ಟು ಚೆನ್ನಾಗಿ ಪಾಠ ಹೇಳುವವರು ಆ ಕಾಲದಲ್ಲಿ ಯಾರೂ ಇರಲಿಲ್ಲವಂತೆ. ಹಮಾಲರಿಗೆ ಕೆಲವು ದಿನ 'ನೀವು' ಸಿಕ್ಕಿತು."

"ಆದರೂ ಗುರುಗಳೇ, ಅವನು ಒಂದು ಸುಳ್ಳನ್ನೂ ಹೇಳಲಿಲ್ಲವಲ್ಲ?"

"ಹೇಳಿದ್ದರೆ ಹಮಾಲರು ಉಳಿದುಕೊಳ್ಳುತ್ತಿದ್ದರು."