ಇಕ್ಕಟ್ಟನ್ನು ದಾಟಿ ಬಂದ ತಂತಿ

ಆಸ್ಪತ್ರೆಯ ಮೇಜಿನ ಮೇಲೆ ಮಲಗಿದ್ದ ಬಳೆಗಾರ್ತಿ ಗುರುಸಿದ್ದವ್ವನ ಹೃದಯ ಡವಡವ ಹೊಡೆದುಕೊಳ್ಳುತ್ತಿತ್ತು. ಎಕ್ಸ್‌ರೇ ಪರದೆ ಗುಡುಗಿತು: "ನಿನ್ನ ರಕ್ತನಾಳ ಅರ್ಧ ಮುಚ್ಚಿದೆ. ಕಣ್ಣಾರೆ ಕಂಡಿದ್ದೇನೆ. ಎದೆ ತೆರೆಯಲೇಬೇಕು!"

ಆಗ ವೈದ್ಯೆಯ ಕೈಯಲ್ಲಿದ್ದ ಕೂದಲೆಳೆಯಂಥ ಹೊಸ ತಂತಿಯೊಂದು, "ತಡೆಯಿರಿ ಪರದೆಯಣ್ಣ. ನೀವು ಹೊರಗಿನಿಂದ ನೋಡಿದಿರಿ, ನಾನು ಒಳಹೊಕ್ಕು ರಕ್ತದ ಒತ್ತಡ ಅಳೆದು ಬರುತ್ತೇನೆ" ಎಂದು ನಾಳದೊಳಗೆ ನುಸುಳಿತು.

ಹೃದಯಕ್ಕೆ ಒಂದೊಂದು ಕ್ಷಣವೂ ಯುಗವಾಯಿತು. ಇಕ್ಕಟ್ಟು ದಾಟಿದ ತಂತಿ ಕೂಗಿ ಹೇಳಿತು: "ದಾರಿ ಕಿರಿದು, ನಿಜ. ಆದರೆ ಆಚೆಗೂ ಒತ್ತಡ ಹೆಚ್ಚು ಇಳಿದಿಲ್ಲ, ರಕ್ತ ಸಾಕಷ್ಟು ಹರಿಯುತ್ತಿದೆ!"

ವೈದ್ಯೆ ತಂತಿ ಅಳೆದ ಒತ್ತಡದ ಅಂಕಿ ನೋಡಿ ನಕ್ಕರು. "ಗುಳಿಗೆ ಸಾಕು, ಗುರುಸಿದ್ದವ್ವ. ಕತ್ತಿ ಬೇಡ."

"ಬದುಕಿದೆನವ್ವಾ!" ಎಂದಳು ಗುರುಸಿದ್ದವ್ವ. ಹೃದಯ ನಿರಾಳವಾಗಿ ತನ್ನ ಲಯಕ್ಕೆ ಮರಳಿತು.

ಮುಂದಿನ ರೋಗಿ ಬಂದಾಗ ಪರದೆ ಮೆಲ್ಲಗೆ ಹೇಳಿತು: "ನನಗೆ ಕಂಡದ್ದು ಇಷ್ಟು. ತಮ್ಮಾ, ನೀನೊಮ್ಮೆ ಹೋಗಿ ಬಾ."